ಮೊದಲು ಪ್ರಿಂಟ್, ಆಮೇಲೆ ಪೋಸ್ಟ್

ಗಿಗ್ ಮುಗಿದು ಡ್ರಮ್ಮರ್ ಇನ್ನೂ ಸಿಂಬಲ್ ಬಿಚ್ಚುತ್ತಿರುವಾಗಲೇ ಅವತ್ತಿನ ಫೋಟೊಗಳು ಇನ್‌ಸ್ಟಾಗ್ರಾಮಿನಲ್ಲಿ ಕಾಣಿಸಿಕೊಳ್ಳಬೇಕು ಎಂಬ ಪದ್ಧತಿಯ ಬಗ್ಗೆ ನನ್ನದೊಂದು ತಕರಾರಿದೆ. (ಬ್ಯಾಂಡಿನ ಕಾರ್ಯಕ್ರಮಕ್ಕೆ ಈ ಮಂದಿ ಕಛೇರಿ ಅನ್ನುವುದಿಲ್ಲ, ಗಿಗ್ ಅನ್ನುತ್ತಾರೆ. ನಾನೂ ಹಾಗೇ ಬರೆಯುತ್ತೇನೆ.) ಪಂಕ್, ಹಾರ್ಡ್‌ಕೋರ್, ಮೆಟಲ್ ನುಡಿಸುವ ಸಣ್ಣ ಕೋಣೆಗಳಲ್ಲಿ ಕ್ಯಾಮೆರಾ ಹಿಡಿದು ನಿಲ್ಲುವವರಲ್ಲಿ ನಾನೂ ಒಬ್ಬ. ನನ್ನ ಮಾತು ಇಷ್ಟೆ: ಫೋಟೊವನ್ನು ಮೊದಲು ಕಾಗದದ ಮೇಲೆ ಹಾಕಿಸಬೇಕು, ಆ ಕೋಣೆಯಲ್ಲಿದ್ದವರ ಕೈಗೆ ಕೊಡಬೇಕು, ಅವರು ಹೂಂ ಅಂದ ಮೇಲಷ್ಟೇ ಲೋಕಕ್ಕೆ ತೋರಿಸಬೇಕು. ಹಳೇ ಕಾಲದವನ ಹಟ ಅನ್ನಿಸಿದರೆ ಅನ್ನಿಸಲಿ, ಪೂರ್ತಿ ಕೇಳಿ ಆಮೇಲೆ ಬೈಯಿರಿ.

ಪಂಕ್ ಅಂದರೆ ಏನೆಂದು ಗೊತ್ತಿಲ್ಲದವರಿಗೆ ಎರಡು ಮಾತು. 1970ರ ದಶಕದ ನಡುವಿನಲ್ಲಿ ನ್ಯೂಯಾರ್ಕಿನ ಸಿಬಿಜಿಬಿ ಎಂಬ ಗಲೀಜು ಬಾರಿನಲ್ಲೂ ಲಂಡನ್ನಿನ ಪಬ್ಬು, ಕಾಲೇಜುಗಳಲ್ಲೂ ಬೆಳೆದ ಸಂಗೀತ ಇದು. ಅಷ್ಟು ಹೊತ್ತಿಗೆ ರಾಕ್ ಅನ್ನುವುದು ದೊಡ್ಡ ಕ್ರೀಡಾಂಗಣ, ದೊಡ್ಡ ಕಂಪನಿ, ಮುಗಿಯದ ಗಿಟಾರ್ ಪಾಂಡಿತ್ಯ ಅಂತ ಊದಿಕೊಂಡಿತ್ತು. ಮೂರು ಕಾರ್ಡ್ ಬಂದರೆ ಸಾಕು, ಹಾಡು ಎರಡೇ ನಿಮಿಷ, ರೆಕಾರ್ಡ್ ನಾವೇ ಮಾಡಿಕೊಳ್ಳುತ್ತೇವೆ, ಪತ್ರಿಕೆಯನ್ನೂ ನಾವೇ ಜೆರಾಕ್ಸ್ ಹೊಡೆದು ಹಂಚುತ್ತೇವೆ ಅಂತ ಹೊರಟ ಹುಡುಗ ಹುಡುಗಿಯರು ಇವರು. ಕನ್ನಡದವರಿಗೆ ಈ ಮನಸ್ಸು ಹೊಸದೇನಲ್ಲ. ಹೆಚ್ಚುಕಮ್ಮಿ ಅದೇ ವರ್ಷಗಳಲ್ಲಿ, 1975ರಲ್ಲಿ, ಸಮುದಾಯ ಹುಟ್ಟಿತು. ಸಿ.ಜಿ. ಕೃಷ್ಣಸ್ವಾಮಿಯವರು ಬೀದಿಯಲ್ಲಿ ಆಡಿಸಿದ ‘ಬೆಲ್ಚಿ’ಗೆ ರಂಗಮಂದಿರ ಬೇಕಾಗಲಿಲ್ಲ, ಪರದೆ ಬೇಕಾಗಲಿಲ್ಲ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಬಂತು. ಲಂಡನ್ನಿನ ಪಂಕ್ ಹುಡುಗರಿಗೂ ನಮ್ಮ ಬಂಡಾಯದವರಿಗೂ ನಂಟಿತ್ತು ಅಂತ ನಾನು ಹೇಳುತ್ತಿಲ್ಲ, ಇರಲಿಲ್ಲ. ಆದರೆ ಸಿಟ್ಟಿದ್ದವರಿಗೆ ವೇದಿಕೆ ಸಿಗದಿದ್ದಾಗ ನಿಂತ ಜಾಗವನ್ನೇ ವೇದಿಕೆ ಮಾಡಿಕೊಳ್ಳುತ್ತಾರೆ ಅನ್ನುವುದು ಎರಡೂ ಕಡೆ ಒಂದೇ. ‘ಅಂಡರ್‌ಗ್ರೌಂಡ್’ ಅಂದರೂ ಅಷ್ಟೇ. ಗುಟ್ಟಿನ ವ್ಯವಹಾರವೇನೂ ಅಲ್ಲ. ಕಂಪನಿ ಇಲ್ಲ, ಪ್ರಾಯೋಜಕರಿಲ್ಲ, ಪೋಸ್ಟರ್ ಅಂಟಿಸಿದವನೇ ಗಿಟಾರ್ ನುಡಿಸುತ್ತಾನೆ.

ನಾನಿರುವುದು ಹೈದರಾಬಾದಿನ ಬಾಲಾನಗರದಲ್ಲಿ. ಬೀದರ್ ಕಡೆಯಿಂದ ಕೆಲಸಕ್ಕೆಂದು ಬಂದು ಇಲ್ಲೇ ಉಳಿದುಕೊಂಡ ಬಹಳ ಜನರಲ್ಲಿ ಒಬ್ಬ. ಎಚ್‌ಎಎಲ್‌ನ ಏವಿಯಾನಿಕ್ಸ್ ಘಟಕ ಇಲ್ಲಿದೆ, 1968ರಲ್ಲಿ ಶುರುವಾದ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಟೂಲ್ ಡಿಸೈನ್ ಇದೆ, ಒಂದು ಕಾಲಕ್ಕೆ ದೇಶಕ್ಕೆಲ್ಲ ಔಷಧಿ ಕಳಿಸುತ್ತಿದ್ದ ಐಡಿಪಿಎಲ್ ಕಾರ್ಖಾನೆಯ ಹೆಸರು ಬಸ್ ಸ್ಟಾಪಿನಲ್ಲಿ ಉಳಿದಿದೆ. ಸಂದುಗೊಂದಿನಲ್ಲೆಲ್ಲ ಲೇತ್, ಮಿಲ್ಲಿಂಗ್, ಡೈ ಮಾಡುವ ಶೆಡ್ಡುಗಳು. 2021ರಲ್ಲಿ ಫ್ಲೈಓವರ್ ಬಂದ ಮೇಲೆ ನರ್ಸಾಪುರ ಚೌರಸ್ತಾದ ಟ್ರಾಫಿಕ್ ಸ್ವಲ್ಪ ಉಸಿರಾಡುತ್ತಿದೆ. ಇಲ್ಲಿ ಪಂಕ್ ಗಿಗ್ ನಡೆಯುತ್ತದೆ ಅಂದರೆ ಸುಳ್ಳಾದೀತು. ಗಿಗ್ ಬೇಕಾದರೆ ಬಾಲಾನಗರದಲ್ಲಿ ಕೆಂಪು ಮಾರ್ಗದ ಮೆಟ್ರೊ ಹತ್ತಿ, ಅಮೀರ್‌ಪೇಟೆಯಲ್ಲಿ ನೀಲಿ ಮಾರ್ಗಕ್ಕೆ ಬದಲಾಯಿಸಿ, ಜೂಬಿಲಿ ಹಿಲ್ಸ್, ಹೈಟೆಕ್ ಸಿಟಿ ಕಡೆಯ ಪಬ್ಬು, ಕೆಫೆಗಳಿಗೆ ಹೋಗಬೇಕು. ಕೊನೆಯ ರೈಲು ತಪ್ಪಿದರೆ ಆಟೊದವನ ಕೈಯಲ್ಲಿ ನಮ್ಮ ಜುಟ್ಟು.

ಆದರೆ ನಡೆಯಬೇಕಾದ ಜಾಗ ಬಾಲಾನಗರವೇ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ಹಗಲೆಲ್ಲ ಇಷ್ಟು ಸದ್ದು ಮಾಡುವ ಶೆಡ್ಡುಗಳು ರಾತ್ರಿ ಖಾಲಿ. ಪಕ್ಕದ ಮನೆಯವರು ದೂರು ಕೊಡೋಣ ಅಂದರೆ ಪಕ್ಕದಲ್ಲಿ ಮನೆಯೇ ಇಲ್ಲ. ಈ ಸಂಗೀತದ ಮೂಲವೂ ಇಂಥ ಬೀದಿಗಳದ್ದೇ. ಬ್ಲ್ಯಾಕ್ ಸಬ್ಬತ್‌ನ ಟೋನಿ ಅಯೋಮಿ ಬರ್ಮಿಂಗ್‌ಹ್ಯಾಮಿನ ತಗಡು ಕಾರ್ಖಾನೆಯಲ್ಲಿ ಕೆಲಸದ ಕೊನೆಯ ದಿನ ಬೆರಳ ತುದಿ ಕಳೆದುಕೊಂಡು, ಪ್ಲಾಸ್ಟಿಕ್ಕಿನ ತುದಿ ಮಾಡಿಕೊಂಡು, ತಂತಿ ಸಡಿಲಿಸಿ ನುಡಿಸಿದ್ದರಿಂದಲೇ ಮೆಟಲ್‌ಗೆ ಆ ಭಾರದ ಸದ್ದು ಬಂತು. ಬೆರಳು ಹೋದ ಆಪರೇಟರುಗಳು ಇರುವ ಬೀದಿಯಲ್ಲಿ ವಾಸಿಸುವವರಿಗೆ ಈ ಕತೆ ಬೇರೆ ಥರ ಕೇಳಿಸುತ್ತದೆ. ಅಮೆರಿಕದ ಬರ್ಕ್ಲಿಯಲ್ಲಿ 1986ರ ಡಿಸೆಂಬರ್ 31ರಂದು ಬಾಗಿಲು ತೆರೆದ, ಪಂಕ್‌ನವರು ತಾವೇ ಸೇರಿ ನಡೆಸಿದ ‘924 ಗಿಲ್ಮನ್’ ಇರುವುದೂ ಕೈಗಾರಿಕಾ ಪ್ರದೇಶದ ಒಂದು ಗೋದಾಮಿನಲ್ಲಿ. ಗ್ರೀನ್ ಡೇ ಬೆಳೆದದ್ದು ಅಲ್ಲಿ. ಆ ಗೋದಾಮಿಗೆ ಆಮೇಲೆ ಮತ್ತೆ ಬರುತ್ತೇನೆ, ಅಲ್ಲಿ ನನಗೆ ಬೇಕಾದ ಒಬ್ಬ ಮನುಷ್ಯ ಇದ್ದಾರೆ.

ನಮ್ಮಲ್ಲಿ ಶುದ್ಧ ಪಂಕ್ ಬ್ಯಾಂಡುಗಳು ಕಡಿಮೆ. ಮುಂಬೈಯ ‘ದಿ ರಾಯಟ್ ಪೆಡ್ಲರ್ಸ್’ ತಮ್ಮ ಇಪಿಗೆ ‘ಸರ್ಕಾರ್ಸ್ಮ್’ ಅಂತ ಹೆಸರಿಟ್ಟಿದ್ದರು. ಸರ್ಕಾರವನ್ನೂ ಸಾರ್ಕಾಸಮ್ಮನ್ನೂ ಒಂದೇ ಪದದಲ್ಲಿ ಹಿಡಿದ ಆ ಹೆಸರನ್ನು ನೆನೆದರೆ ಈಗಲೂ ನಗು ಬರುತ್ತದೆ. ಬೆಂಗಳೂರಿನಲ್ಲಿ ‘ಪಂಕ್ ಆನ್ ಟೋಸ್ಟ್’ ಇತ್ತು. ಮಿಕ್ಕಂತೆ ದಕ್ಷಿಣದಲ್ಲಿ ಮೆಟಲ್‌ನದೇ ದರ್ಬಾರು. ಬೆಂಗಳೂರಿನ ಕ್ರಿಪ್ಟೋಸ್, ಬೆವರ್ ಸೀ, ಹೈದರಾಬಾದಿನ ಗಾಡ್‌ಲೆಸ್. ಕೇಳುವವರಿಗೆ ಇವು ಬೇರೆ ಬೇರೆ ಜಾತಿಯ ಸಂಗೀತ, ಜಗಳವಾಡುವಷ್ಟು ಬೇರೆ. ಫೋಟೊ ತೆಗೆಯುವವರಿಗೆ ಕೋಣೆ ಒಂದೇ, ಕತ್ತಲೆ ಒಂದೇ, ಜನವೂ ಬಹುಮಟ್ಟಿಗೆ ಅವರೇ. ಆ ಕೋಣೆಗಳಾದರೂ ಸ್ಥಿರವಾಗಿ ಇರುತ್ತವೆಯೇ? ಬೆಂಗಳೂರಿನಲ್ಲಿ 2005ರ ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿದ ಮೇಲೆ ಎಷ್ಟೋ ಪಬ್ಬುಗಳಲ್ಲಿ ಲೈವ್ ಸಂಗೀತ ರಾತ್ರೋರಾತ್ರಿ ನಿಂತಿತು. ಇಂದಿರಾನಗರದ ‘ದಿ ಹಮ್ಮಿಂಗ್ ಟ್ರೀ’ 2019ರಲ್ಲಿ ಬಾಗಿಲು ಹಾಕಿತು. ಒಂದು ವೇದಿಕೆ ಹೋದ ಮೇಲೆ ಅದು ಇತ್ತು ಅನ್ನುವುದಕ್ಕೆ ಉಳಿಯುವುದು ಯಾರದೋ ಫೋಟೊ ಮಾತ್ರ. ಹಾಗಾಗಿ ಫೋಟೊ ತೆಗೆಯಲೇಬೇಕು. ಅದರಲ್ಲಿ ನನಗೆ ಎರಡನೇ ಮಾತಿಲ್ಲ.

ತೆಗೆಯುವುದು ಹೇಗೆ ಅನ್ನುವುದನ್ನು ಸ್ವಲ್ಪ ಹೇಳಬೇಕು, ಯಾಕೆಂದರೆ ನನ್ನ ವಾದ ಅಲ್ಲಿಂದಲೇ ಹುಟ್ಟುತ್ತದೆ. ದೊಡ್ಡ ಕಾರ್ಯಕ್ರಮಗಳಲ್ಲಿ, ಅರಮನೆ ಮೈದಾನದಲ್ಲಿ 2007ರ ಮಾರ್ಚ್ 17ರಂದು ಐರನ್ ಮೇಡನ್ ಬಂದಾಗ ಕಟ್ಟಿದಂಥ ವೇದಿಕೆಗಳಲ್ಲಿ, ಜನರಿಗೂ ವೇದಿಕೆಗೂ ನಡುವೆ ಕಬ್ಬಿಣದ ಬೇಲಿ ಇರುತ್ತದೆ. ಇಂಥ ಕಡೆ ಫೋಟೊಗ್ರಾಫರುಗಳನ್ನು ಬೇಲಿಯ ಒಳಗೆ ಬಿಡುತ್ತಾರೆ. ಜಗತ್ತಿನಾದ್ಯಂತ ವಾಡಿಕೆಯಲ್ಲಿರುವ ನಿಯಮ ಅಂದರೆ ಮೊದಲ ಮೂರು ಹಾಡು ಮಾತ್ರ, ಫ್ಲಾಶ್ ಹೊಡೆಯಬಾರದು. ಸಣ್ಣ ಕೋಣೆಯಲ್ಲಿ ಬೇಲಿ ಇಲ್ಲ, ನಿಯಮ ಇಲ್ಲ, ಬೆಳಕೂ ಇಲ್ಲ. ಇರುವ ಎರಡು ಎಲ್‌ಇಡಿ ದೀಪಗಳಲ್ಲಿ ಒಂದು ಕೆಂಪು, ಒಂದು ನೀಲಿ. ಕೆಂಪು ಬೆಳಕಿನಲ್ಲಿ ಮುಖದ ಗೆರೆಗಳೆಲ್ಲ ಕರಗಿ ಟೊಮೆಟೊ ಹಣ್ಣಿನ ಹಾಗೆ ಬರುತ್ತದೆ. ಪಂಕ್ ಫೋಟೊಗಳು ಕಪ್ಪುಬಿಳುಪಿನಲ್ಲಿ ಇದ್ದರೇ ಚೆಂದ ಅಂತ ನಾವೆಲ್ಲ ದೊಡ್ಡ ಮಾತಾಡುತ್ತೇವಲ್ಲ, ಅರ್ಧಕ್ಕರ್ಧ ಸಲ ಅದು ಕೆಟ್ಟ ಎಲ್‌ಇಡಿಯನ್ನು ಮುಚ್ಚಿಡುವ ಉಪಾಯ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಹಾಕಿದರೆ ಅದೇ ಎಲ್‌ಇಡಿಯ ಮಿಣುಕು ಚಿತ್ರದ ಅಡ್ಡಕ್ಕೆ ಪಟ್ಟೆಪಟ್ಟೆಯಾಗಿ ಕೂರುತ್ತದೆ. ಹಾಡುವವರು ಒಂದು ಕ್ಷಣ ನಿಲ್ಲುವುದಿಲ್ಲ, ಹಾಗಾಗಿ ಶಟರ್ ಸೆಕೆಂಡಿನ 250ನೇ ಒಂದು ಭಾಗಕ್ಕಿಂತ ನಿಧಾನ ಆದರೆ ಕೈಕಾಲು ಅಲುಗಿದಂತೆ ಬರುತ್ತವೆ. ಎಫ್ 1.8ರ ಲೆನ್ಸನ್ನು ಪೂರ್ತಿ ತೆರೆದು ಐಎಸ್‌ಒ 6400ಕ್ಕೆ ಏರಿಸಿದರೂ ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ ಕಾಣುತ್ತದೆ.

ಉಳಿದ ದಾರಿ ಫ್ಲಾಶ್. ಯಕ್ಷಗಾನ ನೋಡಿದವರಿಗೆ ಇದರ ಕಷ್ಟ ಗೊತ್ತು. ಆವೇಶದಲ್ಲಿರುವ ಬಣ್ಣದ ವೇಷದ ಕಣ್ಣಿಗೆ ಮುಂದಿನ ಸಾಲಿನಿಂದ ಯಾರಾದರೂ ಫ್ಲಾಶ್ ಹೊಡೆದರೆ ಹಿಂದೆ ಕೂತ ಪ್ರೇಕ್ಷಕನಿಗೇ ಮೈ ಉರಿಯುತ್ತದೆ. ಪಂಕ್ ಕೋಣೆಯಲ್ಲಿ ಮಾತ್ರ ಫ್ಲಾಶಿಗೆ ಬೇರೆ ಮರ್ಯಾದೆ ಇದೆ. ಎಂಬತ್ತರ ದಶಕದ ಅಮೆರಿಕದ ಹಾರ್ಡ್‌ಕೋರ್ ಚಿತ್ರಗಳು ಬಹುಪಾಲು ನೇರ ಫ್ಲಾಶಿನವು: ಬೆವರಿನ ಹನಿ, ಹಣೆಯ ನರ, ಹಿಂದೆ ಕಪ್ಪು ಬಾವಿಯಂಥ ಕತ್ತಲೆ. ಶಟರನ್ನು ಬೇಕೆಂದೇ ನಿಧಾನ ಮಾಡಿ, ಮುಚ್ಚುವ ಹೊತ್ತಿಗೆ ಫ್ಲಾಶ್ ಹೊಡೆಯುವಂತೆ ಇಟ್ಟುಕೊಂಡರೆ ದೀಪಗಳ ಗೀಟು ಹಿಂದೆ ಎಳೆದುಕೊಂಡು ಮುಖ ಮಾತ್ರ ನೆಟ್ಟಗೆ ನಿಲ್ಲುತ್ತದೆ. ಆದರೆ ಗಮನಿಸಿ, ಈ ಫ್ಲಾಶು ಹಾಡುವವನೊಬ್ಬನನ್ನೇ ಬೆಳಗುವುದಿಲ್ಲ. ಅಗಲದ ಲೆನ್ಸ್ ಹಾಕಿ ಒಂದು ಮಾರು ದೂರದಿಂದ ತೆಗೆದಾಗ ಅವನ ಸುತ್ತ ಮೈಕಿಗೆ ಬಾಯಿ ಚಾಚಿದ ಹತ್ತು ಮುಖಗಳೂ ಅಷ್ಟೇ ನಿಚ್ಚಳವಾಗಿ ಬರುತ್ತವೆ. ಪಂಕ್ ಫೋಟೊದ ಜೀವ ಇರುವುದೇ ಆ ಹತ್ತು ಮುಖಗಳಲ್ಲಿ. ಹಾಡುವವರು ಯಾರು, ಕೇಳುವವರು ಯಾರು ಅಂತ ಗೊತ್ತಾಗದ ಚಿತ್ರವೇ ಒಳ್ಳೆಯ ಚಿತ್ರ. ಕತ್ತಲೆ ಇದೆ ಅಂತ ನಂಬಿ ಒಳಗೆ ಬಂದವರ ಮೇಲೆ ನಾವು ಬೆಳಕು ಬಿಡುತ್ತಿದ್ದೇವೆ ಅನ್ನುವುದು ಇದರ ಇನ್ನೊಂದು ಮಗ್ಗುಲು.

ಹೆಸರಾದ ಪಂಕ್ ಚಿತ್ರಗಳನ್ನು ತೆಗೆದವರು ಬಹುಪಾಲು ಕೋಣೆಯೊಳಗಿನವರೇ. ರಾಬರ್ಟಾ ಬೇಲಿ ಸಿಬಿಜಿಬಿಯ ಬಾಗಿಲಲ್ಲಿ ನಿಂತು ಪ್ರವೇಶದ ಹಣ ವಸೂಲಿ ಮಾಡುತ್ತಿದ್ದವರು. 1976ರ ರಮೋನ್ಸ್‌ನ ಮೊದಲ ಆಲ್ಬಮ್ಮಿನ ಮುಖಪುಟದಲ್ಲಿ ಇಟ್ಟಿಗೆ ಗೋಡೆಗೆ ಒರಗಿ ನಿಂತ ನಾಲ್ವರ ಚಿತ್ರ ಅವರದು. ಅದಕ್ಕೆ ಕಂಪನಿ ಕೊಟ್ಟದ್ದು 125 ಡಾಲರ್. ‘ಲಂಡನ್ ಕಾಲಿಂಗ್’ನ ಮುಖಪುಟವನ್ನಂತೂ ನೀವು ಟೀ-ಶರ್ಟಿನ ಮೇಲಾದರೂ ನೋಡಿರುತ್ತೀರಿ. ನ್ಯೂಯಾರ್ಕಿನ ಪಲ್ಲಾಡಿಯಂನಲ್ಲಿ 1979ರ ಸೆಪ್ಟೆಂಬರಿನಲ್ಲಿ ದಿ ಕ್ಲ್ಯಾಶ್‌ನ ಪಾಲ್ ಸಿಮನನ್ ತನ್ನ ಬೇಸ್ ಗಿಟಾರನ್ನು ಕೊಡಲಿಯಂತೆ ಎತ್ತಿ ನೆಲಕ್ಕೆ ಅಪ್ಪಳಿಸುತ್ತಿರುವ ಕ್ಷಣ. ಪೆನ್ನಿ ಸ್ಮಿತ್ ವೇದಿಕೆಯ ಪಕ್ಕದಲ್ಲೇ ಇದ್ದರು, ಅವನು ತಮ್ಮ ಕಡೆಗೇ ಬರುತ್ತಿದ್ದಾನೆಂದು ಹಿಂದೆ ಸರಿಯುತ್ತಾ ತೆಗೆದರು. ಫೋಕಸ್ ಇಲ್ಲ, ಇದು ಬೇಡ ಅಂತ ಅವರೇ ಹೇಳಿದ್ದರು. ಬೇಕು ಅಂತ ಹಟ ಹಿಡಿದದ್ದು ಬ್ಯಾಂಡಿನವರು. ಈ ಕತೆಯನ್ನು ಜನ ಸಾಮಾನ್ಯವಾಗಿ ‘ಫೋಕಸ್ ಇಲ್ಲದಿದ್ದರೂ ಪರವಾಗಿಲ್ಲ’ ಅನ್ನುವ ಪಾಠಕ್ಕೆ ಹೇಳುತ್ತಾರೆ. ನನಗೆ ಅದರಲ್ಲಿ ಕಾಣುವುದು ಬೇರೆ. ಚಿತ್ರ ಮೊದಲು ಚಿತ್ರದಲ್ಲಿದ್ದವರ ಕಣ್ಣಿಗೆ ಬಿತ್ತು, ಇದು ಲೋಕಕ್ಕೆ ಹೋಗಲಿ ಎಂದು ಅವರು ಹೇಳಿದರು, ಆಮೇಲೆ ಹೋಯಿತು.

ಈಗ ಗಿಲ್ಮನ್ ಗೋದಾಮಿಗೆ ಬರೋಣ. ಮರ್ರಿ ಬೌಲ್ಸ್ ಸಾಫ್ಟ್‌ವೇರ್ ಎಂಜಿನಿಯರ್. ಎಂಬತ್ತರ ದಶಕದಿಂದ 2019ರಲ್ಲಿ ತೀರಿಹೋಗುವತನಕ ಅವರು ಆ ಪ್ರದೇಶದ ಪಂಕ್ ಗಿಗ್‌ಗಳ ಫೋಟೊ ತೆಗೆದರು. ಕ್ಯಾಮೆರಾವನ್ನು ತಲೆಯ ಮೇಲೆ ಎತ್ತಿ ಹಿಡಿದು, ಕಿಂಡಿಯಲ್ಲಿ ಇಣುಕದೆ, ಅಂದಾಜಿನ ಮೇಲೆ ಗುಂಡಿ ಒತ್ತುವುದು ಅವರ ಕ್ರಮ. ಅದಕ್ಕಿಂತ ನನಗೆ ಮುಖ್ಯವಾದ ಕ್ರಮ ಇನ್ನೊಂದು. ಗಿಗ್‌ಗೆ ಬರುವಾಗ ಹಿಂದಿನ ಗಿಗ್‌ಗಳ ಪ್ರಿಂಟ್‌ಗಳನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು ಬರುತ್ತಿದ್ದರು. ಹುಡುಗರು ಮುಗಿಬಿದ್ದು ತಮ್ಮ ಮುಖ ಹುಡುಕಿಕೊಂಡು, ಬಿಡಿಗಾಸು ಕೊಟ್ಟು ಒಯ್ಯುತ್ತಿದ್ದರು. ನಾನು ಕೇಳುತ್ತಿರುವುದು ಅದನ್ನೇ. ಇಲ್ಲಿ ಇರಾನಿ ಚಹಾದ ಬೆಲೆಗೆ ನಾಲ್ಕು-ಆರರ ಪ್ರಿಂಟ್ ಸಿಗುತ್ತದೆ. ಒಂದು ಗಿಗ್‌ಗೆ ಇಪ್ಪತ್ತು ಸಾಕು.

ಕಾಗದ ಯಾಕೆ, ಫೋನಿಗೆ ಕಳಿಸಿದರೆ ಆಗದೇ ಅನ್ನುವವರು ಆರ್ಕುಟ್ ನೆನಪಿಸಿಕೊಳ್ಳಲಿ. ಎರಡು ಸಾವಿರದ ದಶಕದಲ್ಲಿ ನಮ್ಮ ನಗರಗಳ ಗಿಗ್ ಫೋಟೊಗಳ ಗೂಡು ಅದೇ ಆಗಿತ್ತು. 2014ರ ಸೆಪ್ಟೆಂಬರ್ 30ಕ್ಕೆ ಗೂಗಲ್ ಅದನ್ನು ಮುಚ್ಚಿತು. ಮೈಸ್ಪೇಸ್ ತನ್ನ ಸರ್ವರ್ ಬದಲಾಯಿಸುವಾಗ ಹನ್ನೆರಡು ವರ್ಷಗಳ ಹಾಡು, ಫೋಟೊ, ವಿಡಿಯೊ ಕಳೆದುಕೊಂಡಿತು. 2019ರಲ್ಲಿ ಗೊತ್ತಾದಾಗ ಹೋದ ಹಾಡುಗಳೇ ಸುಮಾರು ಐದು ಕೋಟಿ ಅಂತ ಲೆಕ್ಕ ಹಾಕಿದರು. ಇತ್ತ 1993ರಲ್ಲಿ ಅಲಹಾಬಾದಿನಿಂದ ಹೊರಟ ‘ರಾಕ್ ಸ್ಟ್ರೀಟ್ ಜರ್ನಲ್’ನ ಹಳೆಯ ಸಂಚಿಕೆಗಳು ಈಗಲೂ ಯಾರ ಯಾರದೋ ಮನೆಯ ಅಟ್ಟದ ಮೇಲೆ ಇವೆ. ಅಟ್ಟಕ್ಕೆ ಇಲಿ ಬರುತ್ತದೆ, ನಿಜ. ಇಲಿ ಒಂದೇ ರಾತ್ರಿಯಲ್ಲಿ ಐದು ಕೋಟಿ ತಿನ್ನುವುದಿಲ್ಲ.

ಉಳಿಯುವುದರ ಮಾತು ಒಂದು ಕಡೆ ಆಯಿತು. ಬೇಡದ ಕಡೆ ಉಳಿಯುವುದು ಇನ್ನೊಂದು ಕಡೆ, ನನ್ನ ನಿಜವಾದ ದುಗುಡ ಅದು.

ಗಿಗ್ ಶುರುವಾಗುವ ಮೊದಲು ಯಾರಾದರೊಬ್ಬಳು ಹತ್ತಿರ ಬಂದು, ‘ಅಣ್ಣಾ, ನನ್ನ ಮುಖ ಬರದ ಹಾಗೆ ತೆಗೀರಿ, ಮನೇಲಿ ಗೊತ್ತಿಲ್ಲ’ ಅನ್ನುತ್ತಾಳೆ. ಇದು ನನಗೆ ಈಗ ಬಾಯಿಪಾಠ ಆಗುವಷ್ಟು ಸಲ ಕೇಳಿದ ಮಾತು. ಹಾಸ್ಟೆಲಿಗೆ ಹತ್ತಕ್ಕೆ ಮರಳಬೇಕಾದವಳು, ನಿಶ್ಚಿತಾರ್ಥ ಆದವಳು, ಬೇರೆ ಕಂಪನಿಯ ಇಂಟರ್‌ವ್ಯೂ ಮುಗಿಸಿ ಫಲಿತಾಂಶಕ್ಕೆ ಕಾಯುತ್ತಿರುವವನು, ಹಾಡಿನ ನಡುವೆ ಸರ್ಕಾರಕ್ಕೆ ಬೈದವನು. ಕೇಳುವ ಧೈರ್ಯ ಮಾಡಿದವರು ಇವರು. ಕೇಳದೆ ಸುಮ್ಮನೆ ಹಿಂದಿನ ಗೋಡೆಗೆ ಸರಿದು ನಿಲ್ಲುವವರು ಇನ್ನೂ ಹೆಚ್ಚು. ಅವರು ಹಾಗೆ ಹಿಂದೆ ನಿಂತ ಮೇಲೆ ಆ ಗಿಗ್‌ನಲ್ಲಿ ಹೆಂಗಸರೇ ಇರಲಿಲ್ಲ ಅನ್ನುವಂಥ ಫೋಟೊಗಳು ಬರುತ್ತವೆ, ಮುಂದೆ ಚರಿತ್ರೆಯೂ ಹಾಗೇ ಬರೆಸಿಕೊಳ್ಳುತ್ತದೆ. ಕೂಡಲೇ ಪೋಸ್ಟ್ ಮಾಡುವ ಚಟಕ್ಕೆ ನಾವು ತೆರುವ ಬೆಲೆಯಲ್ಲಿ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕರ್ನಾಟಕದವರಾದ ನಮಗೆ ಇದು ಬರೀ ಊಹೆಯಲ್ಲ. 2009ರ ಜನವರಿ 24ರಂದು ಮಂಗಳೂರಿನ ಪಬ್ಬಿನಲ್ಲಿ ಹೆಣ್ಣುಮಕ್ಕಳನ್ನು ಅಟ್ಟಾಡಿಸಿ ಹೊಡೆದಾಗ ಟಿವಿ ಕ್ಯಾಮೆರಾಗಳು ಅಲ್ಲಿದ್ದವು. ಆ ದೃಶ್ಯಗಳನ್ನು ದೇಶವೆಲ್ಲ ಮತ್ತೆ ಮತ್ತೆ ನೋಡಿತು. 2018ರಲ್ಲಿ ಆರೋಪಿಗಳು ಸಾಕ್ಷ್ಯದ ಕೊರತೆಯಿಂದ ಖುಲಾಸೆಯಾದರು. ಅಷ್ಟೊಂದು ಚಿತ್ರಗಳಿದ್ದೂ ಹೊಡೆದವರಿಗೆ ಏನೂ ಆಗಲಿಲ್ಲ, ಹೊಡೆಸಿಕೊಂಡವರ ಮುಖ ಮಾತ್ರ ಮನೆ ಮನೆಯ ಪರದೆಗೆ ಹೋಯಿತು. ಕ್ಯಾಮೆರಾ ತಾನಾಗಿ ಯಾರ ಪಕ್ಷವನ್ನೂ ಹಿಡಿಯುವುದಿಲ್ಲ ಅನ್ನುವವರಿಗೆ ಈ ಒಂದು ಪ್ರಕರಣ ಸಾಕು. ಹೈದರಾಬಾದಿನಲ್ಲಿ ಇನ್ನೊಂದು ಥರದ ಕಣ್ಣು ಇದೆ. ತೆಲಂಗಾಣದ ಪೊಲೀಸರು ಮುಖ ಗುರುತಿಸುವ ತಂತ್ರಾಂಶವನ್ನು ಬಹಳ ಹಿಂದೆಯೇ ಬಳಕೆಗೆ ತಂದವರು. 2021ರ ಲಾಕ್‌ಡೌನಿನಲ್ಲಿ ರಸ್ತೆಯಲ್ಲಿ ತಡೆದು ಮಾಸ್ಕ್ ತೆಗೆಸಿ ತಮ್ಮ ಫೋಟೊ ತೆಗೆದದ್ದನ್ನು ಪ್ರಶ್ನಿಸಿ ಎಸ್.ಕ್ಯೂ. ಮಸೂದ್ ಎಂಬ ಸಾಮಾಜಿಕ ಕಾರ್ಯಕರ್ತರು ಹೈಕೋರ್ಟಿನ ಮೆಟ್ಟಿಲು ಹತ್ತಿದರು. ರಸ್ತೆಯಲ್ಲಿ ಪೊಲೀಸರು ತೆಗೆದರೆ ಪ್ರಶ್ನೆ ಕೇಳುವ ನಾವು, ಅದಕ್ಕಿಂತ ನಿಚ್ಚಳವಾದ ಮುಖಗಳನ್ನು, ತಾರೀಖು ಮತ್ತು ಜಾಗದ ಸಮೇತ, ಬಿಟ್ಟಿಯಾಗಿ ಎಲ್ಲರಿಗೂ ಕಾಣುವ ಹಾಗೆ ತೂಗುಹಾಕುತ್ತಿದ್ದೇವೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. ಸರ್ಕಾರದ ಎದುರಿಗೆ ಎತ್ತಿದ ಪ್ರಶ್ನೆ ಅದು. ನಮ್ಮ ನಮ್ಮ ನಡುವಿನ ಮರ್ಯಾದೆಗೆ ಕೋರ್ಟಿನ ತೀರ್ಪು ಕಾಯಬೇಕಾಗಿಲ್ಲ.

ಇದಕ್ಕೆ ಬ್ಯಾಂಡಿನವರ ಉತ್ತರ ನನಗೆ ಗೊತ್ತು, ಅದರಲ್ಲಿ ನ್ಯಾಯವೂ ಇದೆ. ‘ಫೋಟೊ ಅವತ್ತೇ ಹೋಗದಿದ್ದರೆ ಮುಂದಿನ ಗಿಗ್‌ಗೆ ಯಾರು ಬರುತ್ತಾರೆ? ಪಬ್ಬಿನವನು ಮತ್ತೆ ಯಾಕೆ ಕರೆಯುತ್ತಾನೆ?’ ನಾಲ್ಕು ಜನ ಸಂಬಳದ ದುಡ್ಡು ಹಾಕಿ ಆಂಪ್ಲಿಫೈಯರ್ ಬಾಡಿಗೆ ತಂದು, ಮೂವತ್ತು ಜನರ ಎದುರು ನುಡಿಸಿ, ಸಾಲ ಹೊತ್ತು ಮನೆಗೆ ಹೋಗುವವರಿಗೆ ‘ಒಂದು ವಾರ ಕಾಯಿರಿ’ ಅನ್ನುವುದು ನನಗೂ ಸುಲಭವಲ್ಲ. ಹಾಗಾಗಿ ನನ್ನ ಕೋರಿಕೆಯಲ್ಲಿ ಒಂದು ರಿಯಾಯಿತಿ ಇದೆ. ವೇದಿಕೆಯ ಮೇಲಿರುವವರು, ತಾವು ಒಪ್ಪಿದ್ದರೆ, ಅವತ್ತೇ ಹೋಗಲಿ. ಬ್ಯಾಂಡ್ ತನ್ನನ್ನು ಜಾಹೀರು ಮಾಡಿಕೊಳ್ಳಲೆಂದೇ ಅಲ್ಲಿ ನಿಂತಿದೆ. ಕಾಯಬೇಕಾದದ್ದು ಕೆಳಗಿರುವ ಮುಖಗಳು. ಬೆನ್ನು, ಎತ್ತಿದ ಕೈ, ನೆಲದ ಮೇಲೆ ಬಿದ್ದ ಶೂ, ಬೆವರಿಗೆ ಅಂಟಿದ ಟೀ-ಶರ್ಟು ಇವುಗಳಲ್ಲೇ ಅವತ್ತಿನ ಪೋಸ್ಟ್ ತುಂಬಿಸಬಹುದು. ಕೈಲಾಗದವನು ಮಾತ್ರ ಮುಖವಿಲ್ಲದೆ ಫೋಟೊ ಆಗುವುದಿಲ್ಲ ಅನ್ನುತ್ತಾನೆ.

ದುಡ್ಡಿನ ವಿಷಯಕ್ಕೂ ಒಂದು ಮಾತು. ಟಿಕೆಟ್ ಇಟ್ಟು, ಬಿಯರ್ ಮಾರಿ, ಫೋಟೊದವರಿಗೆ ‘ನಿಮ್ಮ ಹೆಸರು ಟ್ಯಾಗ್ ಮಾಡುತ್ತೇವೆ’ ಅನ್ನುವ ಜಾಗಗಳು ಎಲ್ಲ ಊರಲ್ಲೂ ಇವೆ. ಅವರಿಗೆ ಗೊತ್ತಿರುವುದಿಲ್ಲ, ಪಾಪ, 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ ಫೋಟೊದ ಮೊದಲ ಹಕ್ಕುದಾರ ತೆಗೆದವನೇ. ಯಾರಾದರೂ ಹಣ ಕೊಟ್ಟು ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಕ್ಕು ತೆಗೆಸಿದವರಿಗೆ ಹೋಗುತ್ತದೆ. ಅಂದರೆ ಬಿಟ್ಟಿ ತೆಗೆಸಿಕೊಂಡ ಫೋಟೊ ಅವರದಲ್ಲ. ಹಾಗೆ ನೋಡಿದರೆ ದುಡ್ಡು ಪಡೆಯದ ಫೋಟೊಗ್ರಾಫರನಿಗೆ ಸಿಗುವ ಒಂದೇ ಸಂಬಳ ಇದು: ಯಾವ ಚಿತ್ರ ಹೊರಗೆ ಹೋಗಬೇಕು, ಯಾವುದು ಬೇಡ ಎಂದು ಹೇಳುವ ಅಧಿಕಾರ. ಆ ಅಧಿಕಾರವನ್ನು ಹತ್ತು ನಿಮಿಷದಲ್ಲಿ ಇನ್‌ಸ್ಟಾಗ್ರಾಮಿಗೆ ಒಪ್ಪಿಸಿ ಕೈತೊಳೆದುಕೊಳ್ಳುವುದು ನನಗಂತೂ ದಡ್ಡತನವಾಗಿ ಕಾಣುತ್ತದೆ.

ಮಾಡುವವರಿಗೆ ನಾನು ಮಾಡುವ ರೀತಿ ಹೇಳುತ್ತೇನೆ. ಗಿಗ್‌ನ ಮರುದಿನ ಇಪ್ಪತ್ತು ಆರಿಸಿ ಲ್ಯಾಬಿಗೆ ಕೊಡುತ್ತೇನೆ. ಮುಂದಿನ ಗಿಗ್‌ಗೆ ಅವು ಹಳೆಯ ಮಿಠಾಯಿ ಡಬ್ಬಿಯಲ್ಲಿ ಬರುತ್ತವೆ, ಬಾಗಿಲ ಹತ್ತಿರದ ಮೇಜಿನ ಮೇಲೆ ಕೂರುತ್ತವೆ. ತಮ್ಮದು ಸಿಕ್ಕವರು ಒಯ್ಯುತ್ತಾರೆ. ‘ಇದನ್ನು ಹಾಕಿ’ ಅಂದವರದು ಹಾಕುತ್ತೇನೆ. ‘ಬೇಡ’ ಅಂದವರದು ಹಾಕುವುದಿಲ್ಲ, ಆದರೆ ಅಳಿಸುವುದೂ ಇಲ್ಲ, ಒಂದು ಪ್ರಿಂಟ್ ನನ್ನ ಹತ್ತಿರ ಇರಲೇ ಎಂದು ಕೇಳುತ್ತೇನೆ. ಬಹುತೇಕ ಎಲ್ಲರೂ ಹೂಂ ಅನ್ನುತ್ತಾರೆ. ಇಪ್ಪತ್ತು ವರ್ಷ ಕಳೆದ ಮೇಲೆ ಅವಳೇ ಬಂದು ಕೇಳಬಹುದು, ಆಗ ಹೆದರುವ ಮನೆ ಬೇರೆಯಾಗಿರುತ್ತದೆ. ಹಿಂಬದಿಯಲ್ಲಿ ಬ್ಯಾಂಡಿನ ಹೆಸರು, ತಾರೀಖು, ಜಾಗ ಬರೆಯಬೇಕು, ಚಿತ್ರದಲ್ಲಿರುವವರು ಒಪ್ಪಿದರೆ ಅವರ ಹೆಸರು. ಬಾಲ್‌ಪೆನ್ ಬೇಡ, ಒತ್ತಿದ ಗೆರೆ ಮುಂದಿನ ಬದಿಗೆ ಉಬ್ಬುತ್ತದೆ. ಮೆತ್ತನೆಯ 4ಬಿ ಪೆನ್ಸಿಲ್ ತೆಗೆದುಕೊಳ್ಳಿ, ಹಗುರವಾಗಿ ಬರೆಯಿರಿ.